ಗುಡಿಯ ಬಾಗಿಲಿನಿಂದ ಮತಪೆಟ್ಟಿಗೆಯವರೆಗೆ: ಕಾಸರಗೋಡು ಕಂಡ ಎ.ಕೆ. ಗೋಪಾಲನ್

ಮಧೂರಿನ ಮಹಾಗಣಪತಿ, ಅನಂತಪುರದ ಕೆರೆಯ ನಡುವಿನ ದೇವಸ್ಥಾನ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ, ಊರೂರಿನ ದೈವಸ್ಥಾನ, ಭಜನಾ ಮಂದಿರ, ರಾತ್ರಿಯಿಡೀ ನಡೆಯುವ ಆಟ. ಕಾಸರಗೋಡು ಎಂದೊಡನೆ ಮುಂಬಯಿಯ ತುಳು-ಕನ್ನಡಿಗರ ಕಣ್ಣ ಮುಂದೆ ಬರುವುದು ಇವೇ. ಊರಿನ ನೇಮ, ಜಾತ್ರೆಗೆಂದು ರಜೆ ಹಾಕಿ ರೈಲು ಹತ್ತುವವರು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ. ಇಷ್ಟೊಂದು ದೈವಭಕ್ತಿಯ ಈ ನೆಲ 1957, 1962 ಮತ್ತು 1967ರಲ್ಲಿ ಸತತ ಮೂರು ಬಾರಿ ಲೋಕಸಭೆಗೆ ಆರಿಸಿ ಕಳುಹಿಸಿದ್ದು ಒಬ್ಬ ಕಮ್ಯುನಿಸ್ಟ್ ನಾಯಕರನ್ನು. ಅವರೇ ಎ.ಕೆ. ಗೋಪಾಲನ್, ಜನರ ಬಾಯಲ್ಲಿ ಎಕೆಜಿ.

ಮತ ಹಾಕಿದ ಜನ ದೇವರನ್ನು ಬಿಡಲಿಲ್ಲ, ಎಕೆಜಿಯವರನ್ನೂ ಬಿಡಲಿಲ್ಲ. ಇವೆರಡೂ ಒಂದೇ ಮನೆಯ ಚಾವಡಿಯಲ್ಲಿ ಹೇಗೆ ಕೂಡಿ ಬಂದವು ಎಂಬುದನ್ನು ತಿಳಿಯಬೇಕಾದರೆ ಚುನಾವಣೆಯ ಲೆಕ್ಕಪತ್ರ ಸಾಲದು. ಅವರ ಬದುಕನ್ನೇ ಒಮ್ಮೆ ನೋಡಬೇಕು.

ಅಧ್ಯಾಪಕ ವೃತ್ತಿಯಿಂದ ಜೈಲಿಗೆ

ಅಯಿಲ್ಯತ್ ಕುಟ್ಯಾರಿ ಗೋಪಾಲನ್ ನಂಬಿಯಾರ್ 1904ರ ಅಕ್ಟೋಬರ್ 1ರಂದು ಉತ್ತರ ಮಲಬಾರಿನ ಕಣ್ಣೂರಿಗೆ ಸಮೀಪದ ಪೆರಳಶ್ಶೇರಿ ಪರಿಸರದಲ್ಲಿ ಜನಿಸಿದರು. ಸುಬ್ರಹ್ಮಣ್ಯ ದೇವಸ್ಥಾನದಿಂದ ಹೆಸರಾದ ಊರದು. ಸ್ಥಿತಿವಂತ ನಂಬಿಯಾರ್ ಮನೆತನ, ಸಂಪ್ರದಾಯಸ್ಥ ವಾತಾವರಣ. ತಲಶ್ಶೇರಿಯಲ್ಲಿ ಓದು ಮುಗಿಸಿ ಶಾಲಾ ಅಧ್ಯಾಪಕರಾದರು. 1927ರಲ್ಲಿ ಕಾಂಗ್ರೆಸ್ ಸೇರಿ ಖಾದಿ ಪ್ರಚಾರ, ಹರಿಜನೋದ್ಧಾರದ ಕೆಲಸಕ್ಕಿಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಕರೆ ಬಂದಾಗ ಸುಮಾರು ಏಳು ವರ್ಷಗಳ ಅಧ್ಯಾಪಕ ವೃತ್ತಿಗೆ ರಾಜೀನಾಮೆಯಿತ್ತು ಜೈಲು ಸೇರಿದರು.

ಆ ಕಾಲದ ಮಲಬಾರಿನಲ್ಲಿ ಅಧ್ಯಾಪಕ ಎಂದರೆ ಊರಿಗೆ ಪತ್ರಿಕೆ ಓದಿ ಹೇಳುವವ, ಅರ್ಜಿ ಬರೆದುಕೊಡುವವ, ನ್ಯಾಯ ಕೇಳಲು ಜನ ಬಂದು ನಿಲ್ಲುವ ಮನೆಯವ. ಮುಂದೆ ಈ ಭಾಗದಲ್ಲಿ ಎಡಪಕ್ಷಗಳು ಬೆಳೆದದ್ದು ಬಹುಪಾಲು ಇಂತಹ ಹಳ್ಳಿ ಮೇಷ್ಟ್ರುಗಳ ಮತ್ತು ಅವರು ಕಟ್ಟಿದ ವಾಚನಾಲಯಗಳ ಮೂಲಕ. ಮಕ್ಕಳಿಗೆ ಅಕ್ಷರ ಕಲಿಸಿದವರು ಮತ ಕೇಳಲು ಅಂಗಳಕ್ಕೆ ಬಂದರೆ ಮನೆಯವರು ಬಾಗಿಲು ಹಾಕುವಂತಿರಲಿಲ್ಲ.

ಗುರುವಾಯೂರಿನ ಬಾಗಿಲಲ್ಲಿ

ಎಕೆಜಿಯವರ ಹೆಸರು ಮಲಬಾರಿನಾದ್ಯಂತ ಮನೆಮಾತಾದದ್ದು ಗುರುವಾಯೂರು ಶ್ರೀಕೃಷ್ಣ ದೇವಸ್ಥಾನದ ಮುಂದೆ. ಎಲ್ಲ ಜಾತಿಯ ಹಿಂದುಗಳಿಗೂ ಪ್ರವೇಶ ಕೊಡಬೇಕೆಂದು 1931ರ ನವೆಂಬರ್ 1ರಂದು ಅಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇತೃತ್ವ ಕೆ. ಕೇಳಪ್ಪನ್ ಅವರದು, ಸ್ವಯಂಸೇವಕರ ನಾಯಕ ಎಕೆಜಿ. ಬ್ರಾಹ್ಮಣರಿಗಷ್ಟೇ ಮೀಸಲಾಗಿದ್ದ ಗಂಟೆಯನ್ನು ಪಿ. ಕೃಷ್ಣ ಪಿಳ್ಳೆ ಬಾರಿಸಿ ಕಾವಲುಗಾರರಿಂದ ಏಟು ತಿಂದರು. ಎಕೆಜಿಯವರಿಗೂ ಅಲ್ಲಿ ಕಠಿಣ ಪೆಟ್ಟು ಬಿತ್ತು. ಈ ಕೃಷ್ಣ ಪಿಳ್ಳೆಯವರೇ ಮುಂದೆ ಕೇರಳದ ಕಮ್ಯುನಿಸ್ಟ್ ಪಕ್ಷವನ್ನು ಕಟ್ಟಿದವರು.

1932ರ ಸೆಪ್ಟೆಂಬರಿನಲ್ಲಿ ಕೇಳಪ್ಪನ್ ಉಪವಾಸ ಕುಳಿತರು. ಗಾಂಧೀಜಿಯವರ ಸೂಚನೆಯಂತೆ ಉಪವಾಸ ನಿಂತು, ದೇವಸ್ಥಾನವಿರುವ ಪೊನ್ನಾನಿ ತಾಲೂಕಿನ ಸವರ್ಣ ಹಿಂದುಗಳ ಅಭಿಪ್ರಾಯ ಸಂಗ್ರಹ ನಡೆಯಿತು. ಸ್ವಯಂಸೇವಕರು ಮನೆ ಮನೆಗೆ ಹೋದರು. ಅಭಿಪ್ರಾಯ ತಿಳಿಸಿದವರಲ್ಲಿ ನೂರಕ್ಕೆ 77ರಷ್ಟು ಮಂದಿ ಬಾಗಿಲು ತೆರೆಯಬೇಕೆಂದೇ ಹೇಳಿದರು. ಬಾಗಿಲು ತೆರೆದದ್ದು ಮಾತ್ರ 1947ರಲ್ಲಿ. ಆದರೂ ಆ ಎಣಿಕೆ ಒಂದು ದೊಡ್ಡ ಪಾಠ ಕಲಿಸಿತು. ಸಂಪ್ರದಾಯಸ್ಥರೆಂದು ಹೆಸರಾದ ಜನರನ್ನು ನೇರವಾಗಿ, ಮರ್ಯಾದೆಯಿಂದ, ಅವರ ಮನೆ ಬಾಗಿಲಲ್ಲೇ ಕೇಳಿದಾಗ ಉತ್ತರ ಬೇರೆಯೇ ಬರಬಹುದು ಎಂಬ ಪಾಠ ಅದು. ದೇವರ ಮೇಲಿನ ನಂಬಿಕೆ ಬೇರೆ, ದೇವರ ಹೆಸರಿನಲ್ಲಿ ಕೆಲವರು ಇಟ್ಟುಕೊಂಡ ಅಧಿಕಾರ ಬೇರೆ ಎಂಬುದನ್ನು ಜನ ತಾವಾಗಿಯೇ ಬೇರ್ಪಡಿಸಿ ನೋಡಿದ್ದರು.

ಎಲ್ಲ ಕಡೆಯೂ ಹೀಗೆ ಸಲೀಸಾಗಿರಲಿಲ್ಲ. ಅದೇ ದಿನಗಳಲ್ಲಿ ಪಯ್ಯನ್ನೂರು ಸಮೀಪದ ಕಂಡೋತ್ ಎಂಬಲ್ಲಿ, ದೇವಸ್ಥಾನದ ಬಳಿಯ ಸಾರ್ವಜನಿಕ ದಾರಿಯಲ್ಲಿ ಹರಿಜನರನ್ನು ಕರೆದುಕೊಂಡು ಹೋದ ಎಕೆಜಿ ಮತ್ತು ಕೆ.ಎ. ಕೇರಳೀಯನ್ ಮೇಲೆ ಊರ ಜನ ಒನಕೆ, ದೊಣ್ಣೆಗಳೊಂದಿಗೆ ಬಿದ್ದರು. ಹೊಡೆದವರಲ್ಲಿ ಸ್ವತಃ ಮೇಲ್ಜಾತಿಯವರ ದೇವಸ್ಥಾನಗಳಿಗೆ ಪ್ರವೇಶವಿಲ್ಲದವರೂ ಇದ್ದರು. ಎಕೆಜಿ ಪ್ರಜ್ಞೆ ತಪ್ಪಿ ಬಿದ್ದರು. ಆದರೆ ಆ ಊರುಗಳನ್ನು ಶಪಿಸಿ ದೂರ ಹೋಗಲಿಲ್ಲ. ಮತ್ತೆ ಮತ್ತೆ ಅಲ್ಲಿಗೇ ಹೋದರು. ಇದೇ ಪಯ್ಯನ್ನೂರು 1967ರಿಂದ ಹಲವು ದಶಕಗಳ ಕಾಲ ಮಾರ್ಕ್ಸ್‌ವಾದಿ ಪಕ್ಷದ ಭದ್ರಕೋಟೆಯಾಗಿ ಉಳಿಯಿತು.

ಗೇಣಿಯ ಲೆಕ್ಕ, ಅಕ್ಕಿಯ ಲೆಕ್ಕ

ದೇವಸ್ಥಾನ ಪ್ರವೇಶದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಎಕೆಜಿಯವರಿಗೆ ಬೇಗನೆ ಮನವರಿಕೆಯಾಯಿತು. 1934ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಹುಟ್ಟಿದಾಗ ಅದರತ್ತ ವಾಲಿದರು. 1935ರಲ್ಲಿ ಕಣ್ಣೂರಿನ ಕೊಳಚ್ಚೇರಿಯಲ್ಲಿ ರೈತ ಸಂಘ ಆರಂಭವಾಯಿತು. ನಮ್ಮ ತುಳುನಾಡಿನ ಹಿರಿಯರಿಗೆ ಚಾಲಗೇಣಿಯ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ. ಮಲಬಾರಿನ ಒಕ್ಕಲುಗಳ ಪಾಡೂ ಅದೇ. ಗೇಣಿಯ ಅಕ್ಕಿ ಅಳೆದ ಮೇಲೂ ವಾಶಿ, ನುರಿ ಎಂಬ ಹೆಸರಿನಲ್ಲಿ ಇನ್ನಷ್ಟು ಅಳೆಯಬೇಕು, ಹಬ್ಬ ಬಂದರೆ ಧಣಿಯ ಮನೆಗೆ ಬಾಳೆಗೊನೆ ಹೊರಬೇಕು, ಗೇಣಿ ಬಾಕಿಯಾದರೆ ಒಕ್ಕಲೆಬ್ಬಿಸುವ ಹೆದರಿಕೆ.

ಇಲ್ಲಿ ಇನ್ನೊಂದು ತೊಡಕಿತ್ತು. ಜನ್ಮಿ ಎನಿಸಿದ ಭೂಮಾಲೀಕನೇ ಎಷ್ಟೋ ಕಡೆ ದೇವಸ್ಥಾನದ ಆಡಳಿತದಾರ. ದೇವಸ್ವಂ ಭೂಮಿಯ ಗೇಣಿಯೂ ಅವನ ಕೈಯಲ್ಲೇ. ಗೇಣಿ ಕಡಿಮೆ ಮಾಡಿ ಎಂದರೆ ದೇವರಿಗೇ ಎದುರಾಡಿದಂತೆ ಎಂಬ ಅಂಜಿಕೆಯನ್ನು ಜನರಲ್ಲಿ ಬಿತ್ತುವುದು ಸುಲಭವಿತ್ತು. ಎಕೆಜಿ ಮತ್ತು ಅವರ ಒಡನಾಡಿಗಳು ದೇವರ ಬಗ್ಗೆ ವಾದಕ್ಕೆ ನಿಲ್ಲದೆ ಅಳತೆಯ ಸೇರಿನ ಬಗ್ಗೆ ಮಾತನಾಡಿದರು. ಒಕ್ಕಲಿನ ಮನೆಯ ತೆಯ್ಯಂ ನಡೆಯಲಿ, ಕಾವಿನಲ್ಲಿ ದೀಪ ಬೆಳಗಲಿ, ಆದರೆ ಸುಳ್ಳು ಅಳತೆ ನಿಲ್ಲಲಿ ಎಂಬ ಧಾಟಿ ಅದು. ನಮ್ಮ ಭೂತಾರಾಧನೆಯ ಬಳಗಕ್ಕೇ ಸೇರಿದ ತೆಯ್ಯಂ ಕಟ್ಟೆಗಳಲ್ಲಿ ಸೇರುತ್ತಿದ್ದವರೂ ರೈತ ಸಂಘದ ಸಭೆಗೆ ಬರುತ್ತಿದ್ದವರೂ ಒಂದೇ ಜನ. ಇಂದಿಗೂ ಕಣ್ಣೂರು, ಕಾಸರಗೋಡಿನ ಹಳ್ಳಿಗಳಲ್ಲಿ ಕಾವಿನ ಉತ್ಸವಕ್ಕೆ ಓಡಾಡುವವರಲ್ಲಿ ಕೆಂಬಾವುಟದ ಕಾರ್ಯಕರ್ತರೂ ಇರುತ್ತಾರೆ.

1936ರಲ್ಲಿ ಎಕೆಜಿ ನಿರುದ್ಯೋಗ ಮತ್ತು ಹಸಿವಿನ ವಿರುದ್ಧ ಮಲಬಾರಿನಿಂದ ಮದ್ರಾಸಿನವರೆಗೆ ಕಾಲ್ನಡಿಗೆ ಜಾಥಾ ನಡೆಸಿದರು. ದಾರಿಯಲ್ಲಿ ಊಟ ಹಾಕಿದವರು ಹಳ್ಳಿಗರೇ. 1939ರ ವೇಳೆಗೆ ಅವರು ಕಮ್ಯುನಿಸ್ಟ್ ಪಕ್ಷ ಸೇರಿದ್ದರು. 1941ರಲ್ಲಿ ಬಂಧನ, ಅದೇ ವರ್ಷ ವೆಲ್ಲೂರು ಜೈಲಿನ ಗೋಡೆ ಕೊರೆದು ಪರಾರಿ, ಆ ಬಳಿಕ ವರ್ಷಗಟ್ಟಲೆ ಭೂಗತ ಜೀವನ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗಲೂ ಅವರು ಜೈಲಿನಲ್ಲೇ ಇದ್ದರು. ಮುಂಜಾಗ್ರತಾ ಬಂಧನವನ್ನು ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯ ತೀರ್ಪು 1950ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಸಂವಿಧಾನದ ಮೂಲಭೂತ ಹಕ್ಕುಗಳ ಬಗೆಗಿನ ಮೊದಲ ದೊಡ್ಡ ತೀರ್ಪುಗಳಲ್ಲಿ ಅದೂ ಒಂದು. ಅವರು ಸೋತರೂ ಕಾನೂನು ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ.

1941ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ರೈತ ಹೋರಾಟ ನಡೆಯಿತು. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಗಲ್ಲಿಗೇರಿಸಲಾಯಿತು. ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಅವರೊಂದಿಗೆ ಅಬೂಬಕ್ಕರ್ ಕೂಡ ಇದ್ದರು. ನಮ್ಮ ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ವಸ್ತು ಇದೇ. ಜಾತಿ, ಮತ ಬೇರೆಯಾದ ನಾಲ್ವರು ಒಂದೇ ದಿನ ಗಲ್ಲಿಗೇರಿದ ನೆನಪು ಆ ಹಳ್ಳಿಗಳಲ್ಲಿ ಯಾವ ಚುನಾವಣಾ ಭಾಷಣಕ್ಕಿಂತಲೂ ಗಟ್ಟಿಯಾಗಿ ನಿಂತಿತು.

ಡಿಸ್ಟ್ರಿಕ್ಟ್ ಬೋರ್ಡಿನ ಗೆಲುವು

1952ರ ಪ್ರಥಮ ಮಹಾಚುನಾವಣೆಯಲ್ಲಿ ಕಣ್ಣೂರಿನಿಂದ ಗೆದ್ದ ಎಕೆಜಿ ಲೋಕಸಭೆಯಲ್ಲಿ ಕಮ್ಯುನಿಸ್ಟ್ ಗುಂಪಿನ ನಾಯಕರಾದರು. 16 ಸದಸ್ಯರ ಆ ಗುಂಪೇ ಅಂದಿನ ವಿರೋಧ ಪಕ್ಷಗಳಲ್ಲಿ ದೊಡ್ಡದು. ಆದರೆ ಹಳ್ಳಿಗಳ ಮಟ್ಟದಲ್ಲಿ ನಿಜವಾದ ತಿರುವು ಬಂದದ್ದು 1954ರಲ್ಲಿ. ಮಲಬಾರ್ ಡಿಸ್ಟ್ರಿಕ್ಟ್ ಬೋರ್ಡಿನ ಆಡಳಿತ ಕಮ್ಯುನಿಸ್ಟರ ಕೈಗೆ ಬಂದು, ಪಿ.ಟಿ. ಭಾಸ್ಕರ ಪಣಿಕ್ಕರ್ ಅಧ್ಯಕ್ಷರಾದರು. ಹಿಂದು, ಮುಸ್ಲಿಂ ಎರಡೂ ಕಡೆ ಸಂಪ್ರದಾಯ ಬಲವಾಗಿದ್ದ ಜಿಲ್ಲೆಯದು.

ಬೋರ್ಡಿನ ಕೈಯಲ್ಲಿದ್ದದ್ದು ಹಳ್ಳಿಯ ಶಾಲೆ, ರಸ್ತೆ, ಆಸ್ಪತ್ರೆಗಳಂತಹ ನಿತ್ಯದ ಕೆಲಸಗಳು. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಯಾವ ಹಳ್ಳಿಗೆ ಶಾಲೆ, ಯಾವ ಹೊಳೆಗೆ ಸಂಕ ಎಂಬುದೇ ಪ್ರಶ್ನೆ. ಈ ಪಕ್ಷದವರು ಬಂದರೆ ಗುಡಿ, ಮಸೀದಿ ಮುಚ್ಚಿಸುತ್ತಾರೆ ಎಂಬ ಭಯಕ್ಕೆ ಉತ್ತರ ಸಿಕ್ಕಿದ್ದು ಇಂತಹ ಸಣ್ಣ ಅಧಿಕಾರದ ಸ್ಥಾನಗಳಲ್ಲಿ. ಮೂರು ವರ್ಷಗಳ ಬಳಿಕ ಇ.ಎಂ.ಎಸ್. ನಂಬೂದಿರಿಪಾಡ್ ಕೇರಳದ ಮೊದಲ ಮುಖ್ಯಮಂತ್ರಿಯಾದರು. ಅವರು ಗೆದ್ದು ಬಂದದ್ದು ನಮ್ಮ ಕಾಸರಗೋಡಿಗೆ ತಾಗಿದ ನೀಲೇಶ್ವರದಿಂದ.

ಕನ್ನಡಿಗರ ಮತ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋದ ನೋವು ಕನ್ನಡಿಗರಲ್ಲಿ ಹಸಿಯಾಗಿತ್ತು. 1957ರಲ್ಲಿ ಮಂಜೇಶ್ವರದ ಜನ ವಿಧಾನಸಭೆಗೆ ಎಂ. ಉಮೇಶ ರಾವ್ ಅವರನ್ನು ಪಕ್ಷೇತರರಾಗಿ ಅವಿರೋಧವಾಗಿ ಕಳುಹಿಸಿದರು. ಅದೇ ವರ್ಷ ಕಾಸರಗೋಡು ಲೋಕಸಭಾ ಕ್ಷೇತ್ರ ಎಕೆಜಿಯವರನ್ನು ಆರಿಸಿತು. ಚಂದ್ರಗಿರಿಯ ದಕ್ಷಿಣಕ್ಕೆ ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರಿನ ಕಡೆ ಅವರ ಬಲ. ಉತ್ತರದ ಕನ್ನಡ ಪ್ರದೇಶದಲ್ಲಿ ಭಾಷೆಯ ಪ್ರಶ್ನೆಯೇ ಮೇಲು. 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಕರ್ನಾಟಕ ಸಮಿತಿಯ ಪರವಾಗಿ ಗೆದ್ದುದೂ ಅದೇ ಕಾರಣದಿಂದ.

ಎಕೆಜಿಯವರ ಪಕ್ಷ ಐಕ್ಯ ಕೇರಳದ ಪರವಾಗಿತ್ತು, ಕನ್ನಡಿಗರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಇಲ್ಲಿನ ಕನ್ನಡಿಗರ ಮನಸ್ಸಿಗೆ ಎಡಪಕ್ಷಗಳು ತಲುಪಲು ಇನ್ನೂ ಒಂದು ದಶಕ ಬೇಕಾಯಿತು. ತಲುಪಿಸಿದವರು ಊರಿನವರೇ. ಮಂಜೇಶ್ವರದಿಂದ ಸಿಪಿಐಯ ಎಂ. ರಾಮಪ್ಪ 1970 ಮತ್ತು 1977ರಲ್ಲಿ, ಡಾ. ಎ. ಸುಬ್ಬರಾವ್ 1980 ಮತ್ತು 1982ರಲ್ಲಿ ಗೆದ್ದರು. ಸುಬ್ಬರಾವ್ ಮಂತ್ರಿಯೂ ಆದರು. ಮಾರ್ಕ್ಸ್‌ವಾದಿ ಪಕ್ಷದ ಎಂ. ರಾಮಣ್ಣ ರೈ ಕಾಸರಗೋಡಿನಿಂದ ಲೋಕಸಭೆಗೆ ಹೋದರು. ನಮ್ಮ ಭಾಷೆ ಆಡುವ, ನಮ್ಮ ಜಾತ್ರೆಗೆ ಬರುವ, ಗೇಣಿಯ ಕಷ್ಟ ತಿಳಿದ ಅಭ್ಯರ್ಥಿಯನ್ನು ನಿಲ್ಲಿಸಿದಾಗ ಕೆಂಬಾವುಟ ಪರಕೀಯವೆನಿಸಲಿಲ್ಲ.

ಸೋಲಿನಿಂದ ಕಲಿತದ್ದು

ಎಕೆಜಿಯವರ ಕಥೆ ಬರೀ ಗೆಲುವಿನ ಕಥೆಯಲ್ಲ. 1957ರ ಸರಕಾರ ತಂದ ಶಿಕ್ಷಣ ಕಾಯಿದೆ ಕ್ರೈಸ್ತ ಸಭೆಗಳ ಮತ್ತು ನಾಯರ್ ಸರ್ವಿಸ್ ಸೊಸೈಟಿಯ ಶಾಲೆಗಳ ಆಡಳಿತವನ್ನು ಮುಟ್ಟಿತು, ಭೂ ಮಸೂದೆ ಜಮೀನ್ದಾರರನ್ನು ಕೆರಳಿಸಿತು. ವಿಮೋಚನಾ ಸಮರ ಎಂಬ ಹೆಸರಿನಲ್ಲಿ ಚರ್ಚು, ಸಮುದಾಯ ಸಂಘಟನೆ, ವಿರೋಧ ಪಕ್ಷಗಳು ಒಂದಾಗಿ ಬೀದಿಗಿಳಿದವು. 1959ರ ಜುಲೈ 31ರಂದು ಸರಕಾರ ವಜಾ ಆಯಿತು. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರ ಮತ ಶೇಕಡಾ 35ರಿಂದ 39ಕ್ಕೆ ಏರಿದರೂ ಸ್ಥಾನಗಳು 60ರಿಂದ 29ಕ್ಕೆ ಇಳಿದವು. ಬಡವರ ಮತ ಉಳಿಯಿತು, ಆದರೆ ಎದುರಾಳಿಗಳೆಲ್ಲ ಒಂದಾದರು. ಶಾಲೆಯ ಆಡಳಿತಕ್ಕೆ ಕೈ ಹಾಕಿದ್ದನ್ನು ತಮ್ಮ ನಂಬಿಕೆಗೇ ಕೈ ಹಾಕಿದಂತೆ ಜನ ತಿಳಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ.

ಇದಕ್ಕೆ ಎಕೆಜಿ ಕೊಟ್ಟ ಉತ್ತರ ಎರಡು ವರ್ಷಗಳಲ್ಲಿ ಕಂಡಿತು. 1961ರಲ್ಲಿ ಇಡುಕ್ಕಿ ಯೋಜನೆಗೆಂದು ಅಯ್ಯಪ್ಪನ್‌ಕೋವಿಲ್ ಭಾಗದಿಂದ ಸಾವಿರಾರು ರೈತ ಕುಟುಂಬಗಳನ್ನು ಎಬ್ಬಿಸಿ ಮಳೆಗಾಲದಲ್ಲಿ ಅಮರಾವತಿ ಎಂಬಲ್ಲಿ ತಂದು ಬಿಟ್ಟರು. ಹೆಚ್ಚಿನವರು ಸಿರಿಯನ್ ಕ್ರೈಸ್ತರು, ಎರಡು ವರ್ಷ ಹಿಂದೆ ಕಮ್ಯುನಿಸ್ಟ್ ಸರಕಾರದ ವಿರುದ್ಧ ನಿಂತ ಸಮುದಾಯದವರು. ಎಕೆಜಿ ಅಲ್ಲಿಗೆ ಹೋಗಿ ಅವರ ಪರವಾಗಿ ಉಪವಾಸ ಕುಳಿತರು. ವಿಮೋಚನಾ ಸಮರದಲ್ಲಿ ಮುಂದಿದ್ದ ಕಡು ಕಮ್ಯುನಿಸ್ಟ್ ವಿರೋಧಿ ಪಾದ್ರಿ ಫಾದರ್ ಜೋಸೆಫ್ ವಡಕ್ಕನ್ ಈ ಹೋರಾಟದಲ್ಲಿ ಎಕೆಜಿಯವರ ಜೊತೆ ನಿಂತರು. 1967ರಲ್ಲಿ ಎಡಪಕ್ಷಗಳ ನೇತೃತ್ವದ ಏಳು ಪಕ್ಷಗಳ ಸರಕಾರದಲ್ಲಿ ವಡಕ್ಕನ್ ಅವರ ರೈತ-ಕಾರ್ಮಿಕ ಪಕ್ಷವೂ ಇತ್ತು, ಮುಸ್ಲಿಂ ಲೀಗ್ ಕೂಡ ಇತ್ತು. ಮತ ಕೊಡದವರ ಕಷ್ಟಕ್ಕೂ ಹೋಗಿ ನಿಲ್ಲುವವರನ್ನು ಜನ ಮರೆಯುವುದಿಲ್ಲ.

ಕಾಫಿ ಹೌಸಿನಿಂದ ಕಡೆಯ ದಿನದವರೆಗೆ

ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರಿಗೆ ಸಹಕಾರ ಸಂಘ ಕಟ್ಟಿಕೊಂಡು ಹೋಟೆಲನ್ನು ತಾವೇ ನಡೆಸುವಂತೆ ಹುರಿದುಂಬಿಸಿದವರು ಎಕೆಜಿ. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಹೋಟೆಲ್ ಉದ್ಯಮದಲ್ಲಿ ದುಡಿದು ಬೆಳೆದ ಮುಂಬಯಿ ಕನ್ನಡಿಗರಿಗೆ, ತಟ್ಟೆ ತೊಳೆದವನೇ ಹೋಟೆಲಿನ ಪಾಲುದಾರನಾಗುವ ಈ ಸಾಹಸ ವಿಶೇಷವಾಗಿ ಮೆಚ್ಚುಗೆಯಾಗುವಂಥದು.

ಅವರು 1952ರಲ್ಲಿ ಕೈಹಿಡಿದ ಸುಶೀಲಾ ಮುಹಮ್ಮದ ಚೀರಪ್ಪಂಚಿರ ಮನೆತನದವರು. ಶಬರಿಮಲೆಯ ಅಯ್ಯಪ್ಪ ಕಳರಿ ವಿದ್ಯೆ ಕಲಿತದ್ದು ಇದೇ ಮನೆಯಲ್ಲಿ ಎಂಬುದು ಅಲ್ಲಿಯ ಐತಿಹ್ಯ. ಮುಂದೆ ಸುಶೀಲಾ ಗೋಪಾಲನ್ ಕೂಡ ಲೋಕಸಭಾ ಸದಸ್ಯೆಯಾಗಿ, ಕೇರಳದ ಮಂತ್ರಿಯಾಗಿ ಹೆಸರು ಮಾಡಿ 2001ರಲ್ಲಿ ನಿಧನರಾದರು.

1964ರಲ್ಲಿ ಪಕ್ಷ ಒಡೆದಾಗ ಎಕೆಜಿ ಮಾರ್ಕ್ಸ್‌ವಾದಿ ಪಕ್ಷದೊಂದಿಗೆ ಉಳಿದರು. 1970ರ ಜನವರಿ 1ರಿಂದ ಕೇರಳದಲ್ಲಿ ಭೂಸುಧಾರಣೆ ಜಾರಿಯಾದಾಗ, ಕಾಗದದಲ್ಲಿದ್ದ ಹಕ್ಕನ್ನು ಕೈಗೆ ತರಲು ಕೂಲಿಕಾರರನ್ನು, ಒಕ್ಕಲುಗಳನ್ನು ಸಂಘಟಿಸಿದರು. ಗಡಿಯಾಚೆಯ ದಕ್ಷಿಣ ಕನ್ನಡದಲ್ಲಿ ದೇವರಾಜ ಅರಸರ 1974ರ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾಗುವ ಮೊದಲೇ ಈ ಕೆಲಸ ಅಲ್ಲಿ ಆಗಿತ್ತು. 1971ರಲ್ಲಿ ಎಕೆಜಿ ಪಾಲಕ್ಕಾಡಿನಿಂದ ಸ್ಪರ್ಧಿಸಿ ಐದನೆಯ ಬಾರಿ ಲೋಕಸಭೆಗೆ ಹೋದರು. ಅವರಿಲ್ಲದ ಕಾಸರಗೋಡಿನಲ್ಲಿ ಅವರ ಪಕ್ಷದ ಇ.ಕೆ. ನಾಯನಾರ್ ಸೋತರು. 1977ರ ಮಾರ್ಚ್ 22ರಂದು, ತುರ್ತು ಪರಿಸ್ಥಿತಿ ತೊಲಗಿದ ಬೆನ್ನಿಗೇ, ತಿರುವನಂತಪುರದಲ್ಲಿ ಎಕೆಜಿ ಕೊನೆಯುಸಿರೆಳೆದರು.

ಇಂದಿಗೂ ಉಳಿದ ಮಾತು

ಅವರ ನಂತರದ ಚರಿತ್ರೆಯೂ ಅವರು ಕಲಿಸಿದ ಪಾಠವನ್ನೇ ಹೇಳುತ್ತದೆ. 1989ರಿಂದ ಮೂರು ದಶಕ ಕಾಸರಗೋಡು ಲೋಕಸಭಾ ಕ್ಷೇತ್ರ ಮಾರ್ಕ್ಸ್‌ವಾದಿ ಪಕ್ಷದ ಕೈಯಲ್ಲಿತ್ತು. 2018ರ ಶಬರಿಮಲೆ ತೀರ್ಪಿನ ಗದ್ದಲದ ಬಳಿಕ ನಡೆದ 2019ರ ಚುನಾವಣೆಯಲ್ಲಿ ಎಡರಂಗ ಕೇರಳದ 20 ಸ್ಥಾನಗಳಲ್ಲಿ ಒಂದನ್ನಷ್ಟೇ ಗೆದ್ದಿತು, ಕಾಸರಗೋಡೂ ಕೈತಪ್ಪಿತು. ಆದರೆ 2020ರ ಡಿಸೆಂಬರಿನ ಪಂಚಾಯತ್ ಚುನಾವಣೆಯಲ್ಲಿ ಅದೇ ಜನ ಹೆಚ್ಚಿನ ಗ್ರಾಮ ಪಂಚಾಯತುಗಳನ್ನು ಎಡರಂಗಕ್ಕೆ ಕೊಟ್ಟರು. ಕೋವಿಡ್ ಕಾಲದಲ್ಲಿ ಮನೆಗೆ ಬಂದ ಅಕ್ಕಿ-ಬೇಳೆಯ ಚೀಲ, ತಿಂಗಳ ಪಿಂಚಣಿ ಆಗ ಮಾತನಾಡಿತು. 2025ರ ಡಿಸೆಂಬರಿನಲ್ಲಿ ಜನ ಮತ್ತೆ ಮನಸ್ಸು ಬದಲಿಸಿ ಕಾಂಗ್ರೆಸ್ ನೇತೃತ್ವದ ರಂಗಕ್ಕೆ ಮುನ್ನಡೆ ಕೊಟ್ಟರು. ಗುಡಿಯೂ ಅದೇ, ಮಸೀದಿಯೂ ಅದೇ, ಇಗರ್ಜಿಯೂ ಅದೇ. ಭಕ್ತರ ಮತ ಯಾವ ಪಕ್ಷದ ಉಂಬಳಿಯೂ ಅಲ್ಲ.

ಎಕೆಜಿಯವರ ಸಿದ್ಧಾಂತವನ್ನು ಒಪ್ಪುವವರು, ಒಪ್ಪದವರು ನಮ್ಮಲ್ಲಿ ಇಬ್ಬರೂ ಇದ್ದಾರೆ. ಆದರೆ ಊರಿನ ಪಂಚಾಯತಿಗಿರಲಿ, ಇಲ್ಲಿನ ಮಹಾನಗರ ಪಾಲಿಕೆಗಿರಲಿ, ಚುನಾವಣೆಗೆ ನಿಲ್ಲುವ ಯಾವ ಪಕ್ಷದವರೂ ಅವರ ಬದುಕಿನಿಂದ ಪಡೆಯಬಹುದಾದದ್ದಿದೆ. ಅವರು ಜನರ ದೇವರನ್ನು ಹಂಗಿಸಲಿಲ್ಲ, ದೇವರ ಹೆಸರು ಹೇಳಿ ಮತವನ್ನೂ ಕೇಳಲಿಲ್ಲ. ಬಾಗಿಲು ಮುಚ್ಚಿದ ಕಡೆ ತೆರೆಯಿರಿ ಎಂದರು, ಅಳತೆ ತಪ್ಪಿದ ಕಡೆ ಸರಿಯಾಗಿ ಅಳೆಯಿರಿ ಎಂದರು, ಮನೆ ಕಳೆದುಕೊಂಡವರ ಜೊತೆ ಮಳೆಯಲ್ಲಿ ಕುಳಿತರು. ಮತಪೆಟ್ಟಿಗೆ ಬಂದದ್ದು ಇವೆಲ್ಲದರ ನಂತರ.